ಬಿಡ್ತು ಅನ್ನಿ, ಆಮೇಲೆ ಬರೆದಿಡಿ



ಇವತ್ತು ರಾಜಕೀಯ ಇಲ್ಲ. ಯಾರು ರಾಜೀನಾಮೆ ಕೊಟ್ಟರು, ಯಾರು ದೆಹಲಿಗೆ ಹೋದರು ಅನ್ನೋದನ್ನೆಲ್ಲ ಒಂಬತ್ತು ಗಂಟೆಗೆ ನನ್ನ ಸಹೋದ್ಯೋಗಿಗಳು ಹೇಳ್ತಾರೆ. ನಾನು ನಿಮಗೊಂದು ಸಣ್ಣ ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯಲ್ಲಿ ದುಡಿದು ತರುವವರು ನಾಳೆ ಬೆಳಗ್ಗೆ ಎದ್ದಾಗ ಮಾತು ಬಿದ್ದುಹೋಗಿದ್ದರೆ, ಬಲಗೈ ಮೇಲೇಳದೇ ಇದ್ದರೆ, ಐದನೇ ತಾರೀಖಿನ ಬಾಡಿಗೆಗೆ ದುಡ್ಡು ಎಲ್ಲಿಂದ ತೆಗೀತೀರಿ? ಯಾರು ತೆಗೀತಾರೆ?

'ಬಿಡ್ತು ಅನ್ನಿ' ಅಂದ್ರಿ ತಾನೆ? ಕೇಳಿಸ್ತು. ಈ ವಿಷಯ ಮಾತಾಡ್ತೀನಿ ಅಂತ ಬೆಳಗ್ಗೆ ಮನೆಯಲ್ಲಿ ಹೇಳಿದಾಗ ನಮ್ಮಮ್ಮನೂ ಅದನ್ನೇ ಅಂದ್ರು. ನಮ್ಮ ಕಡೆ ಕೆಟ್ಟ ಮಾತು ಬಾಯಿಗೆ ಬಂದರೆ 'ಬಿಡ್ತು' ಅಂದು ಮರದ ಬಾಗಿಲು ಮುಟ್ಟಿ ಸುಮ್ಮನಾಗ್ತೀವಿ. ಅನ್ನಿ, ತಪ್ಪಿಲ್ಲ. ಅಂದು ಮುಗಿದ ಮೇಲೆ ಒಂದು ಪೆನ್ನು, ಒಂದು ನೋಟ್‌ಬುಕ್ ತಗೊಂಡು ಕೂತ್ಕೊಳ್ಳಿ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗಿನ ಜಾವ ನಾನು ಕೆ.ಆರ್. ಮಾರುಕಟ್ಟೆಯಲ್ಲಿದ್ದೆ. ಪ್ರತಿ ವರ್ಷದ ಅದೇ ಸುದ್ದಿ ನಿಮಗೆ ಗೊತ್ತು. ಮೈಕ್ ಹಿಡಿದು 'ಕನಕಾಂಬರ ಎಷ್ಟು, ಮಲ್ಲಿಗೆ ಎಷ್ಟು' ಅಂತ ಕೇಳೋದು, ಕೆಳಗೆ 'ಗಗನಕ್ಕೇರಿದ ಹೂವಿನ ಬೆಲೆ' ಅಂತ ಪಟ್ಟಿ ಓಡಿಸೋದು. ಹೂವಿನ ಬೆಲೆ ಯಾವ ಹಬ್ಬಕ್ಕೆ ಗಗನಕ್ಕೆ ಏರಿಲ್ಲ ಹೇಳಿ! ಆದರೂ ನಾನೇ ಹೋಗ್ತೀನಿ ಅಂತ ಹಟ ಮಾಡಿ ಹೋಗ್ತೀನಿ. ಕಾರಣ ಆಮೇಲೆ ಹೇಳ್ತೀನಿ.

ಲೈವ್ ಮುಗಿಸಿ ಹೊರಗೆ ಬರ್ತಿದ್ದಾಗ ಒಬ್ಬರು ಕೂಗಿದರು. 'ಏನ್ ಲೆಕ್ಕದವ್ರ ಮಗಾ, ಟೀವಿಗೆ ಬಂದ್ಮೇಲೆ ನಾವ್ ಕಾಣಾಕಿಲ್ವಾ?' ನೋಡಿದರೆ ಚಿಕ್ಕಂದಿನಿಂದ ನಾನು ಅಣ್ಣ ಅಂತ ಕರೆಯುವ ಒಬ್ಬ ಹಮಾಲಿ. ಹೆಸರು ಬೇಡ. ತಲೆಗೆ ಸಿಂಬೆ, ಕೈಯಲ್ಲಿ ಕೊಕ್ಕೆ, ಬೆನ್ನ ಮೇಲೆ ಮೂಟೆ ಇದ್ದರೂ ಓಡುವ ನಡಿಗೆ, ಹಾಗೆ ನೋಡಿದ್ದ ಮನುಷ್ಯ. ಈಗ ಗಾಲಿಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹೆಂಡತಿ ಬಾಳೆ ಎಲೆ ಮಾರ್ತಿದ್ದರು. ಕಲಾಸಿಪಾಳ್ಯದ ಕಡೆ ಲಾರಿಯಿಂದ ಲೋಡ್ ಇಳಿಸುವಾಗ ಹಲಗೆ ಜಾರಿ ಬೆನ್ನು ಫುಟ್‌ಪಾತಿನ ಕಲ್ಲಿಗೆ ಬಡಿದಿದೆ. ಸೊಂಟದಿಂದ ಕೆಳಗೆ ಏನೂ ಇಲ್ಲ.

ಅವರು ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. 'ಸತ್ತಿದ್ರೆ ಎರಡು ಲಕ್ಷ ಬರ್ತಿತ್ತಂತೆ ಕಣಪ್ಪ. ಬದುಕಿದ್ದಕ್ಕೆ ಏನೂ ಇಲ್ಲ.'

ಅವರು ಹೇಳಿದ್ದು ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ ಬಗ್ಗೆ. 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. ಆದರೆ ಅವರಿಗೆ ಯಾರೋ ಅರ್ಧ ಮಾತ್ರ ಹೇಳಿದ್ದರು. ಅಪಘಾತದಲ್ಲಿ ಸತ್ತರೆ ಮಾತ್ರ ಅಲ್ಲ, ಎರಡೂ ಕಾಲು ಅಥವಾ ಎರಡೂ ಕೈ ಶಾಶ್ವತವಾಗಿ ಸ್ವಾಧೀನ ತಪ್ಪಿದರೂ, ಎರಡೂ ಕಣ್ಣು ಹೋದರೂ ಅದೇ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. 'ಅಣ್ಣಾ, ಬದುಕಿದ್ದಕ್ಕೂ ಬರುತ್ತೆ' ಅಂದೆ. ಹೆಂಡತಿ ಎಲೆ ಕಟ್ಟು ಅಲ್ಲೇ ಬಿಟ್ಟು, ಸೆರಗಿನ ಒಳಗಿಂದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟ ಪಾಸ್‌ಬುಕ್ ತೆಗೆದು ಕೊಟ್ಟರು.

ನೋಡಿದೆ. ಹಿಂದಿನ ವರ್ಷಗಳಲ್ಲಿ ವಿಮೆಯ ಹಣ ಕಟ್ ಆಗಿದೆ. ಅವರು ಬಿದ್ದ ವರ್ಷ ಆಗಿಲ್ಲ. ಆ ಹಣ ಖಾತೆಯಿಂದ ಹೋಗೋದು ಮೇ ತಿಂಗಳ ಕೊನೆಯ ವಾರ, ರಕ್ಷಣೆ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಆ ಮೇ ಕೊನೆಗೆ ಖಾತೆಯಲ್ಲಿ ಇದ್ದದ್ದು 14 ರೂಪಾಯಿ. ಬೇಕಾಗಿದ್ದು 20. ಅವರು ಬಿದ್ದದ್ದು ಸೆಪ್ಟೆಂಬರ್‌ನಲ್ಲಿ.

ಆರು ರೂಪಾಯಿ, ವೀಕ್ಷಕರೇ. ನಾನು ಪಾಸ್‌ಬುಕ್ ಮುಚ್ಚಿ ಕೊಟ್ಟೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ದಿನಾ ಮೈಕ್ ಮುಂದೆ ಬಾಯಿ ಬಡಿಯೋನಿಗೆ ಒಂದು ಮಾತೂ ಬರಲಿಲ್ಲ.

ಈಗ ನಾನು ಪ್ರತಿ ವರ್ಷ ಮಾರ್ಕೆಟ್‌ಗೆ ಯಾಕೆ ಹೋಗ್ತೀನಿ ಅಂತ ಹೇಳ್ತೀನಿ. ನಮ್ಮಪ್ಪ ಅಲ್ಲಿ ಒಂದು ಹೂವಿನ ಮಂಡಿಯಲ್ಲಿ ಲೆಕ್ಕ ಬರೀತಿದ್ದರು. ಬೆಳಗಿನ ಜಾವ ಮೂರೂವರೆಗೆ ಚಾಮರಾಜಪೇಟೆಯ ಮನೆಯಿಂದ ನಡೆದೇ ಹೊರಟು, ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನದ ಮುಂದೆ ಕೈ ಮುಗಿದು, ನಾಲ್ಕಕ್ಕೆ ಮಂಡಿ ಸೇರೋರು. ಯಾವ ಊರಿನ ಯಾವ ರೈತನ ಹೂವು ಎಷ್ಟು ಕೆಜಿ, ಎಷ್ಟಕ್ಕೆ ಹೋಯ್ತು, ಕಮಿಷನ್ ಎಷ್ಟು, ಎಲ್ಲ ಅವರ ಕೈಬರಹದಲ್ಲಿ. ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ.

2011ರ ಫೆಬ್ರವರಿ. ನಾನು ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್. ಬೆಳಗ್ಗೆ ಐದೂ ಕಾಲಿಗೆ ಬರೀತಾ ಬರೀತಾ ಅಪ್ಪನ ಕೈಯಿಂದ ಪೆನ್ನು ಬಿತ್ತು. ಬಾಯಿ ಒಂದು ಕಡೆ ಎಳೆದುಕೊಂಡಿತು. ಸುತ್ತ ಇದ್ದವರು ಒಳ್ಳೆಯವರೇ, ಪ್ರೀತಿ ಇದ್ದವರೇ. ಒಬ್ಬರು ಸೋಡಾ ತಂದರು, ಒಬ್ಬರು ಮುಷ್ಟಿಯೊಳಗೆ ಕಬ್ಬಿಣದ ಬೀಗದ ಕೈ ತುರುಕಿದರು. ಅಪ್ಪ ಎಡಗೈಯಲ್ಲಿ ಮನೆಯ ದಿಕ್ಕು ತೋರಿಸಿದರಂತೆ. ಅದಕ್ಕೆ ಆಟೋದಲ್ಲಿ ಮನೆಗೆ ಕರ್ಕೊಂಡು ಬಂದರು. ಮಾರ್ಕೆಟ್ಟಿನಿಂದ ಆಚೆ ಬಂದರೆ ವಿಕ್ಟೋರಿಯಾ ಆಸ್ಪತ್ರೆ, 1900ರಿಂದ ಅಲ್ಲೇ ನಿಂತಿದೆ. ಅದನ್ನು ದಾಟಿಕೊಂಡು ಮನೆಗೆ ಬಂದರು! ಅಮ್ಮ ಬಿಸಿ ಕಾಫಿ ಕುಡಿಸೋಕೆ ನೋಡಿದರು, ಕೆನ್ನೆಯ ಪಕ್ಕದಿಂದ ಸುರಿದು ಹೋಯ್ತು. ನೆಂಟರೊಬ್ಬರು ಲಕ್ವಕ್ಕೆ ಎಣ್ಣೆ ಕೊಡೋರು ಇದ್ದಾರೆ, ಮೊದಲು ಅಲ್ಲಿಗೆ ಹೋಗೋಣ ಅಂದರು. ನಾನು, ಓದಿದವನು, ಗೂಗಲ್ ಮಾಡ್ತಾ ಕೂತೆ. ಆಸ್ಪತ್ರೆ ಮೆಟ್ಟಿಲು ಹತ್ತಿದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಎಷ್ಟು ಗಂಟೆಗೆ ಶುರುವಾಯ್ತು?' ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ಪಾರ್ಶ್ವವಾಯು ಆದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಏಳು ಗಂಟೆ ಕಳೆದಿದ್ದೆವು. ಆದ್ದರಿಂದ ದಯವಿಟ್ಟು ಕೇಳಿ. ಮುಖ ಒಂದು ಕಡೆ ವಾಲಿತು, ಒಂದು ಕೈ ಜೋತುಬಿತ್ತು, ಮಾತು ತೊದಲಿತು ಅಂದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಮನೆಗೆ ಕರ್ಕೊಂಡು ಬರಬೇಡಿ. ಪಾರ್ಶ್ವವಾಯುವಿಗೆ ಸ್ಕ್ಯಾನ್ ಮತ್ತು ಇಂಜೆಕ್ಷನ್ ಎರಡೂ ಹಗಲು ರಾತ್ರಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ಇಟ್ಕೊಳ್ಳಿ. ಆವತ್ತು ವಿಚಾರಿಸೋಕೆ ಟೈಮ್ ಇರಲ್ಲ.

ಅಪ್ಪ ಉಳಿದರು. ಬಲಗೈ ಹೋಯ್ತು, ಬಲಗಾಲು ಮುಕ್ಕಾಲು ಹೋಯ್ತು, ಮಾತು ಹೋಯ್ತು. ನಾವು ಹೇಳೋದು ಅರ್ಥ ಆಗ್ತಿತ್ತು, ಅವರಿಗೆ ಪದ ಸಿಗ್ತಿರಲಿಲ್ಲ. 'ನೀರು' ಅನ್ನೋಕೆ ಹೋದರೆ 'ಗುರುವಾರ' ಅಂತ ಬರ್ತಿತ್ತು. ಅವರಿಗೂ ಅದು ತಪ್ಪು ಅಂತ ಗೊತ್ತಾಗಿ ಕಣ್ಣಲ್ಲಿ ನೀರು ಬರ್ತಿತ್ತು.

ಮನೆಗೆ ಬಂದ ಮೂರನೇ ದಿನ ದುಡ್ಡು ಬೇಕಾಯ್ತು. ಎಟಿಎಂ ಕಾರ್ಡ್ ಇತ್ತು, ಪಿನ್ ಅಪ್ಪನಿಗೆ ಮಾತ್ರ ಗೊತ್ತು. ನಾನು ಮುಂದೆ ಕೂತು 'ಅಪ್ಪಾ, ಬೆರಳಲ್ಲಿ ತೋರಿಸಿ' ಅಂದೆ. ಎಡಗೈಯಲ್ಲಿ ತೋರಿಸಿದರು. ಹೋದೆ, ತಪ್ಪು. ವಾಪಸ್ ಬಂದು ಮತ್ತೆ ಕೇಳಿದೆ, ಬೇರೆ ನಂಬರ್ ತೋರಿಸಿದರು. ಅದೂ ತಪ್ಪು. ಮೂರನೇ ಸಲ ಕಾರ್ಡ್ ಬ್ಲಾಕ್. ನಲವತ್ತು ವರ್ಷ ಒಂದು ಪೈಸೆ ತಪ್ಪದೆ ಲೆಕ್ಕ ಬರೆದ ಮನುಷ್ಯನಿಗೆ ನಾಲ್ಕು ಅಂಕಿ ಹೇಳೋಕೆ ಆಗಲಿಲ್ಲ. ಆ ಸಂಜೆ ಅವರ ಮುಖ ನಾನು ನೋಡಲಿಲ್ಲ. ನೋಡೋಕೆ ಆಗಲಿಲ್ಲ.

ಅಮ್ಮನ ಜೊತೆ ಬ್ಯಾಂಕಿಗೆ ಹೋದೆ. ಯಾವ ಬ್ಯಾಂಕು ಅಂತ ಹೇಳಲ್ಲ, ಯಾವ ಬ್ಯಾಂಕಾದರೂ ಆವತ್ತು ಅದನ್ನೇ ಹೇಳ್ತಿತ್ತೇನೋ. 'ಖಾತೆದಾರರ ಸಹಿ ಬೇಕು.' ಅಮ್ಮ ಧೈರ್ಯ ಮಾಡಿ ಮುಂದೆ ಬಂದು, 'ಸಾರ್, ನಾಮಿನಿ ನಾನೇ ಇದ್ದೀನಲ್ಲ' ಅಂದರು. ಆ ಅಧಿಕಾರಿ ಮೆಲ್ಲಗೇ ಹೇಳಿದರು, 'ಅಮ್ಮಾ, ನಾಮಿನಿ ಅಂದ್ರೆ ಯಜಮಾನರು ಹೋದ ಮೇಲೆ.' ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೊರಗೆ ಬಂದುಬಿಟ್ಟರು. ಆಮೇಲೆ ಆ ಬ್ಯಾಂಕಿನ ಮೆಟ್ಟಿಲು ಅವರು ಹತ್ತಲಿಲ್ಲ.

ನಾಮಿನಿ ಹೆಸರು ಹಾಕಿದ್ದೀವಿ, ಇನ್ನೇನು ಅಂತ ಕೂತವರೆಲ್ಲ ಇದನ್ನು ತಿಳ್ಕೊಳ್ಳಿ. ನಾಮಿನಿಗೆ ಹಕ್ಕು ಬರೋದು ಸಾವಿನ ನಂತರ. ಮನುಷ್ಯ ಹಾಸಿಗೆಯಲ್ಲಿ ಬದುಕಿದ್ದಾಗ ನಾಮಿನಿ ಅನ್ನೋ ಪದಕ್ಕೆ ಕಾಸಿನ ಬೆಲೆ ಇಲ್ಲ.

ನಾಲ್ಕು ತಿಂಗಳು. ಖಾತೆಯಲ್ಲಿ 1 ಲಕ್ಷ 86 ಸಾವಿರ ಇಟ್ಟುಕೊಂಡು ಅಮ್ಮನ ಎರಡು ಜೊತೆ ಬಳೆ ಗಿರವಿ ಇಟ್ಟೆವು. ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿಯಲ್ಲೇ ಸಂಜೆ ವಾಕ್ ಮಾಡ್ತಿದ್ದ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತರು. ಅವರು ಹೇಳಿದರು, 'ಅಯ್ಯೋ ಮರೀ, ರಿಸರ್ವ್ ಬ್ಯಾಂಕ್ ನಿಯಮ ಇದೆ. ಸಹಿ ಮಾಡೋಕಾಗದವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಆಗದಿದ್ದರೆ ಕಾಲಿನ ಹೆಬ್ಬೆಟ್ಟು. ಬ್ಯಾಂಕಿಗೆ ಗೊತ್ತಿರೋ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಇರೋ ಅಧಿಕಾರಿ.' ನಾನು ಪತ್ರ ಬರೆದುಕೊಟ್ಟೆ. ಒಬ್ಬ ಅಧಿಕಾರಿ ಇಂಕ್ ಪ್ಯಾಡ್ ಹಿಡ್ಕೊಂಡು ಮನೆಗೇ ಬಂದರು. ಅಪ್ಪನ ಎಡಗೈ ಹೆಬ್ಬೆಟ್ಟು ಒತ್ತಿಸಿ, ಕಾಫಿ ಕುಡಿದು ಹೋದರು. ಹತ್ತು ಹನ್ನೊಂದು ನಿಮಿಷದ ಕೆಲಸ. ನಾಲ್ಕು ತಿಂಗಳು ನಾವು ಕಾದಿದ್ದು ಯಾರಿಗೂ ಗೊತ್ತಿಲ್ಲದ ಹನ್ನೊಂದು ನಿಮಿಷಕ್ಕೆ.

ಅಪ್ಪನಿಗೆ ಎಚ್ಚರ ಇತ್ತು, ಅದಕ್ಕೆ ಇದು ನಡೀತು. ಪ್ರಜ್ಞೆಯೇ ಇಲ್ಲದವರಾದರೆ? ಇಲ್ಲಿ ಬಹಳ ಜನ ಮೋಸ ಹೋಗೋ ಜಾಗ ಇದೆ. 'ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದೀನಿ, ನನಗೇನೂ ಭಯ ಇಲ್ಲ' ಅಂತಾರೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಓದಿ. ಅಧಿಕಾರ ಕೊಟ್ಟ ವ್ಯಕ್ತಿ ಸತ್ತರೆ ಅಥವಾ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗೀತು. ಅಂದ್ರೆ ಯಾವ ದಿನಕ್ಕೆ ಅಂತ ಆ ಕಾಗದ ಮಾಡಿಸಿದಿರೋ ಆ ದಿನವೇ ಅದು ಸಾಯುತ್ತೆ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಮಕ್ಕಳು 'ಇಲ್ಲಿ ಹಾಗಲ್ಲ' ಅಂತಾರೆ. ನಿಜ, ಅಲ್ಲಿ ವ್ಯಕ್ತಿ ಅಶಕ್ತನಾದ ಮೇಲೂ ನಡೆಯುವ ಅಧಿಕಾರಪತ್ರ ಮಾಡಿಸಬಹುದು. ಇಲ್ಲಿ ಆ ಅನುಕೂಲ ಇಲ್ಲ. ಕೋಮಾದಲ್ಲಿ ಇರುವವರ ಆಸ್ತಿ ನೋಡಿಕೊಳ್ಳೋಕೆ ಪಾಲಕರನ್ನು ನೇಮಿಸಿ ಅಂತ ಹೈಕೋರ್ಟಿಗೇ ಹೋಗಬೇಕಾಗುತ್ತೆ. ಕೇರಳ ಹೈಕೋರ್ಟ್ 2019ರಲ್ಲಿ ಅದಕ್ಕೊಂದು ಕ್ರಮ ಹಾಕಿಕೊಟ್ಟಿತು, ಯಾಕಂದ್ರೆ ಸ್ಪಷ್ಟವಾದ ಕಾನೂನೇ ಇರಲಿಲ್ಲ.

ಹಾಗಾದ್ರೆ ಮನೆ ಖರ್ಚಿನ ಹಣ ಇರೋ ಒಂದು ಖಾತೆಯನ್ನಾದರೂ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸಿ. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಅನ್ನೋ ಷರತ್ತಿನ ಖಾತೆ. ಆರು ತಿಂಗಳ ಖರ್ಚು ಅದರಲ್ಲಿರಲಿ. ಎಲ್ಲ ಹಣವನ್ನೂ ಜಂಟಿ ಮಾಡಿ ಅಂತ ನಾನು ಹೇಳಲ್ಲ. ಜಂಟಿ ಅಂದ್ರೆ ಇನ್ನೊಬ್ಬರು ಪೂರ್ತಿ ತೆಗೆದುಕೊಂಡು ಹೋಗಲೂಬಹುದು. ಚಾಮರಾಜಪೇಟೆಯಲ್ಲಿ ಅಂಥ ಕಥೆಗಳೂ ಇವೆ. ಯಾರ ಜೊತೆ ಅಂತ ನೋಡಿ ಮಾಡಿ.

ನಾನು ಓದಿದ್ದು ಎಂಜಿನಿಯರಿಂಗ್. ಒಂದೇ ಒಂದು ತಂತಿ ಕಡಿದರೆ ಇಡೀ ಯಂತ್ರ ನಿಲ್ಲೋ ಹಾಗೆ ವಿನ್ಯಾಸ ಮಾಡಬಾರದು ಅಂತ ಮೊದಲನೇ ವರ್ಷವೇ ಹೇಳಿಕೊಡ್ತಾರೆ. ನಮ್ಮ ಮನೆಯಲ್ಲಿ ಆ ಒಂದೇ ತಂತಿ ಅಪ್ಪ. ಈಗ ಇನ್ನೂ ಕಷ್ಟ. ಆಗ ಪಿನ್ ಒಂದೇ ಇತ್ತು. ಈಗ ಫೋನ್ ಲಾಕ್, ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್, ಒಟಿಪಿ ಬರೋ ಸಿಮ್. ಬೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್, ಸಾಲದ ಕಂತು ಎಲ್ಲ ಒಬ್ಬರ ಒಂದು ಫೋನಿನೊಳಗೆ. ಎಲ್ಲರಿಗೂ ಪಿನ್ ಹೇಳ್ಕೊಂಡು ಬನ್ನಿ ಅಂತಲ್ಲ. ಒಂದು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಬೀರುವಿನಲ್ಲಿಟ್ಟು, ಅದು ಎಲ್ಲಿದೆ ಅಂತ ಒಬ್ಬರಿಗೆ ಹೇಳಿ.

ಮಾರ್ಕೆಟ್ ಮಂದಿಗೆ ಇನ್ನೊಂದು ಮಾತು. ಕೈಸಾಲ. ಅಪ್ಪ ಯಾರ್ಯಾರಿಗೋ ಕೊಟ್ಟಿದ್ದರು, ಒಂದು ಪುಟ್ಟ ಪುಸ್ತಕದಲ್ಲಿ ಅವರಿಗೆ ಮಾತ್ರ ಅರ್ಥವಾಗೋ ಗುರುತುಗಳಲ್ಲಿ ಬರೆದಿಟ್ಟಿದ್ದರು. 'ಕ.ಮೂ. 5', 'ಕುಂಟ 2'. ಯಾರು ಕ.ಮೂ.? ಐದು ಸಾವಿರವೋ, ಐದು ನೂರೋ? ಅಪ್ಪನನ್ನು ಕೇಳಿದರೆ 'ಗುರುವಾರ' ಅಂತಾರೆ. ತಾವಾಗಿ ಮನೆಗೆ ಬಂದು ದುಡ್ಡು ಕೊಟ್ಟವರು ಒಬ್ಬರೇ. 3,000 ರೂಪಾಯಿ, ಹೂವಿನ ಎಲೆಯಲ್ಲಿ ಸುತ್ತಿ ತಂದಿದ್ದರು. ಅವರೇ ನಾನು ಮೊದಲು ಹೇಳಿದ ಆ ಹಮಾಲಿ ಅಣ್ಣ.

ಇನ್ನು ವಿಮೆ. ನಮ್ಮಲ್ಲಿ ಆರೋಗ್ಯ ವಿಮೆ ಮಾಡಿಸಿದವರು 'ಎಲ್ಲ ಆಯ್ತು' ಅಂದ್ಕೊಳ್ತಾರೆ. ಆರೋಗ್ಯ ವಿಮೆ ಆಸ್ಪತ್ರೆ ಬಿಲ್ಲು ಕಟ್ಟುತ್ತೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಹತ್ತು ವರ್ಷದ ಸಂಬಳ ಕೊಡಲ್ಲ. ಟರ್ಮ್ ಪಾಲಿಸಿ ಸಾವಿಗೆ ಕೊಡುತ್ತೆ. ನಡುವೆ ಒಂದು ದೊಡ್ಡ ಹಳ್ಳ ಇದೆ, ಸಾಯದೇ, ದುಡಿಯೋಕೂ ಆಗದೇ ಬದುಕುವ ಹಳ್ಳ. ಅದಕ್ಕೆ ಸ್ವಲ್ಪ ಮಣ್ಣು ಹಾಕೋದು ವೈಯಕ್ತಿಕ ಅಪಘಾತ ಪಾಲಿಸಿ ಮತ್ತು ಗಂಭೀರ ಕಾಯಿಲೆಗಳ ಪಾಲಿಸಿ. ಎರಡರ ವ್ಯತ್ಯಾಸ ನೆನಪಿರಲಿ. ಅಪಘಾತ ಪಾಲಿಸಿ ಪಾರ್ಶ್ವವಾಯುವಿಗೆ ಬರಲ್ಲ, ಆ 20 ರೂಪಾಯಿಯದ್ದೂ ಬರಲ್ಲ. ಅಪಘಾತ ಪಾಲಿಸಿ ಕೊಳ್ಳುವಾಗ ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ. 'ನಾನು ಸಾಯದೇ ಮೂರು ತಿಂಗಳು ಕಾಲು ಮುರಿದು ಮಲಗಿದರೆ ವಾರಕ್ಕೆ ಎಷ್ಟು ಕೊಡ್ತೀರಿ?' ಅವರು ಮಾತು ಬದಲಾಯಿಸಿದರೆ ಬೇರೆಯವರನ್ನು ನೋಡಿ.

ಸರ್ಕಾರಿ ನೌಕರರು ಈ ವಿಷಯದಲ್ಲಿ ಪುಣ್ಯವಂತರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಬೇರೆ ಹುದ್ದೆ ಕೊಡಬೇಕು, ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಕೋಬೇಕು. ಖಾಸಗಿಯವರಿಗೆ ಈ ಕಲಂ ಇಲ್ಲ. ಆದರೆ ಪಿಎಫ್ ಕಟ್ಟುವವರಿಗೆ ಒಂದು ವಿಷಯ ಗೊತ್ತಿರಬೇಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಕೆಲಸದಲ್ಲಿದ್ದಾಗ ಪೂರ್ತಿ ಶಾಶ್ವತವಾಗಿ ಅಶಕ್ತರಾದರೆ ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕಿಲ್ಲ, ಒಂದು ತಿಂಗಳ ವಂತಿಗೆ ಸಾಕು. ಇದು ಗೊತ್ತಿಲ್ಲದೆ ಪಿಎಫ್ ಪೂರ್ತಿ ಬಿಡಿಸಿಕೊಂಡು ಕೂತವರನ್ನು ನೋಡಿದ್ದೀನಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಇದ್ದರೆ, ಕೆಲಸದಲ್ಲಿ ಆದ ಗಾಯದಿಂದ ದುಡಿಯುವ ಶಕ್ತಿ ಪೂರ್ತಿ ಹೋದಾಗ ಕೂಲಿಯ ಶೇಕಡಾ 90ರ ದರದಲ್ಲಿ ಜೀವನಪೂರ್ತಿ ಬರುತ್ತೆ. ಅಂಗಡಿ ಮಾಲೀಕರು ಇಎಸ್‌ಐ ಕಟ್ಟೋಕೆ ಗೊಣಗ್ತಾರೆ. ನೀವು ಗೊಣಗಬೇಡಿ, ಚೀಟಿ ಕೇಳಿ ತಗೊಳ್ಳಿ.

ಹಮಾಲಿಗೆ ಇದ್ಯಾವುದೂ ಇಲ್ಲ. ಮಾಲೀಕ ಯಾರು ಅಂತ ಕೇಳಿದರೆ ಮೂಟೆ ತೋರಿಸ್ತಾನೆ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಹಮಾಲಿಗಳು ಹೆಸರು ನೋಂದಾಯಿಸಿಕೊಳ್ಳಬಹುದು. ಮಾರ್ಕೆಟ್ಟಿನಲ್ಲಿ ಆವತ್ತು ನಾನು ಏಳು ಜನರನ್ನು ಕೇಳಿದೆ. ಕಾರ್ಡ್ ಇದ್ದದ್ದು ಇಬ್ಬರ ಹತ್ತಿರ.

ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾನೂನು ಬದಲಾಗಿದೆ, 2022ರ ಏಪ್ರಿಲ್‌ನಿಂದ ಜಾರಿ. ಅಲ್ಲಿ ಡಾಕ್ಟರು ಬರೆಯುವ ಶೇಕಡಾವಾರು ನೋಡಿ ಹೆದರಬೇಡಿ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಅಂಗ ಎಷ್ಟು ಹೋಯ್ತು ಅನ್ನೋದು ಬೇರೆ, ಸಂಪಾದನೆ ಎಷ್ಟು ಹೋಯ್ತು ಅನ್ನೋದು ಬೇರೆ. ಎಡಗೈ ಹೋದ ಗುಮಾಸ್ತ ಕೆಲಸ ಮುಂದುವರಿಸಬಹುದು, ಎಡಗೈ ಹೋದ ಡ್ರೈವರ್ ಅಥವಾ ಬಡಗಿಯ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತೆ. ಲೆಕ್ಕ ಹಾಕಬೇಕಾದದ್ದು ಎರಡನೆಯದನ್ನು. ನಮ್ಮಪ್ಪನ ವಿಷಯದಲ್ಲಿ ಇದು ತಿರುಗುಮುರುಗು. ಕುಂಟಿಕೊಂಡು ಮಂಡಿಗೆ ಹೋಗಬಹುದಿತ್ತು, ಬರೆಯೋ ಕೈ ಒಂದಿದ್ದಿದ್ದರೆ.

ಮನೆ. ನಮ್ಮದು ಬಾಡಿಗೆ ಮನೆ, ಮೊದಲ ಮಹಡಿ, ಹದಿನೆಂಟು ಕಡಿದಾದ ಮೆಟ್ಟಿಲು. ನೆಲದ ಪಾಯಖಾನೆ. ಮಾರ್ಕೆಟ್ಟಿನ ಮೇಲಿನ ಮಹಡಿಯ ಉಪಕರಣದ ಅಂಗಡಿಯಲ್ಲಿ ಒಂದು ಟೇಪು ಕೊಂಡು ಅಳೆದೆ. ಬಚ್ಚಲ ಬಾಗಿಲು 24 ಅಂಗುಲ, ಗಾಲಿಕುರ್ಚಿ 26 ಅಂಗುಲ. ಇಡೀ ಬದುಕು ಎರಡು ಅಂಗುಲಕ್ಕೆ ಸಿಕ್ಕಿಕೊಂಡಿತು. ನೆಲ ಮಹಡಿಗೆ ಹೋಗೋಣ ಅಂತ ಹುಡುಕಿದರೆ ಮುಂದೆ ಮೂರು ಮೆಟ್ಟಿಲು ಇರೋ ಮನೆ ಸಿಕ್ತು. ಮೂರೇ ತಾನೆ ಅನ್ಸುತ್ತೆ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಅಂದ್ರೆ ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ. ಏಳು ಅಂಗುಲದ ಮೂರು ಮೆಟ್ಟಿಲಿಗೆ 21 ಅಡಿ ಇಳಿಜಾರು ಬೇಕು. ಚಾಮರಾಜಪೇಟೆಯಲ್ಲಿ ಬಾಗಿಲ ಮುಂದೆ 21 ಅಡಿ ಯಾರಿಗಿದೆ? ನಾವು ಒಂಬತ್ತು ಅಡಿಯ ಹಲಗೆ ಹಾಕಿದೆವು. ಇಳಿಸುವಾಗ ಒಬ್ಬರು ಹಿಂದೆ, ಒಬ್ಬರು ಮುಂದೆ. ಈಗ ಮನೆ ಕಟ್ಟಿಸ್ತಾ ಇರೋರು ಕೇಳಿ, ನೆಲ ಮಹಡಿಯಲ್ಲಿ ಒಂದು ಕೋಣೆ, ಪಕ್ಕದಲ್ಲಿ ಮೂರಡಿ ಬಾಗಿಲಿನ ಒಂದು ಬಚ್ಚಲು. ವಾಸ್ತು ನೋಡುವವರಿಗೆ ಕೊಡೋ ದುಡ್ಡಿನಲ್ಲೇ ಆಗಿಹೋಗುತ್ತೆ.

ಗಾಲಿಕುರ್ಚಿಯನ್ನು ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಕ್ತು ಅಂತ ತರಿಸಬೇಡಿ. ಅದು ಚಪ್ಪಲಿ ಇದ್ದ ಹಾಗೆ, ಅಳತೆಗೆ ತಕ್ಕ ಹಾಗಿರಬೇಕು. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡ್ತಿರೋ ಮೊಬಿಲಿಟಿ ಇಂಡಿಯಾ ಇದೆ. ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆ ಲಿಂಗರಾಜಪುರದಲ್ಲಿದೆ. ನಾವು ಇವರ ಹೆಸರು ಕೇಳಿದ್ದು ಎರಡು ವರ್ಷ ಆದಮೇಲೆ. ಅಷ್ಟರಲ್ಲಿ ಅಪ್ಪನ ಬೆನ್ನಲ್ಲಿ ಹುಣ್ಣಾಗಿ ವಾಸಿಯೂ ಆಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅನ್ನೋದು ನಮಗೆ ಹುಣ್ಣು ಹೇಳಿಕೊಟ್ಟ ಪಾಠ.

ಈಗ ಹೇಳೋಕೆ ಕಷ್ಟವಾದ ವಿಷಯ. ಮಗ್ಗುಲು ಬದಲಾಯಿಸಿದ್ದು ಯಾರು? ನೆಂಟರಲ್ಲಿ ನನಗೆ ಶ್ರವಣಕುಮಾರ ಅಂತ ಹೆಸರು ಬಂತು. ಕ್ಯಾಂಪಸ್ಸಿನಲ್ಲಿ ಸಿಕ್ಕ ಕೆಲಸಕ್ಕೆ ಸೇರಿದೆ, ಮನೆಗೆ ದುಡ್ಡು ಕೊಟ್ಟೆ, ಭಾನುವಾರ ಅಪ್ಪನಿಗೆ ಗಡ್ಡ ಕೆರೆದೆ. ಕೆಲಸ ಬಿಟ್ಟಿದ್ದು ನಮ್ಮಕ್ಕ. ಬಸವನಗುಡಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. 'ಒಂದು ಆರು ತಿಂಗಳು' ಅಂತ ಬಿಟ್ಟಳು, ಅಮ್ಮನಿಗೆ ಬೆನ್ನು ನೋವು ಶುರುವಾಯ್ತು, ಆರು ತಿಂಗಳು ಆರು ವರ್ಷ ಆಯ್ತು. ಅವಳು ಬಿಡಬೇಕು ಅಂತ ಯಾರೂ ಹೇಳಲಿಲ್ಲ. ನಾನು ಬಿಡಬೇಕಾ ಅಂತಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ವಾಪಸ್ ಶಾಲೆಗೆ ಹೋದಾಗ ಅವಳಿಗಿಂತ ಎಂಟು ವರ್ಷ ಚಿಕ್ಕವರು ಅವಳ ಮೇಲಿದ್ದರು.

ಹಾಗಾಗಿ ಮನೆಯಲ್ಲಿ ಕೂತು ಮಾತಾಡುವಾಗ ದುಡ್ಡಿನ ಮಾತಿಗಿಂತ ಮೊದಲು ಈ ಮಾತು ಆಡಿ. ಯಾರಾದರೂ ಹಾಸಿಗೆ ಹಿಡಿದರೆ ಹಗಲು ಯಾರು, ರಾತ್ರಿ ಯಾರು, ಕೆಲಸ ಬಿಡುವವರಿಗೆ ಉಳಿದವರು ತಿಂಗಳಿಗೆ ಎಷ್ಟು ಕೊಡ್ತಾರೆ. ಹೌದು, ಕೊಡಬೇಕು. ಸೇವೆಗೆ ಬೆಲೆ ಕಟ್ಟೋಕಾಗಲ್ಲ ಅನ್ನೋರು ಸಾಮಾನ್ಯವಾಗಿ ಸೇವೆ ಮಾಡದೇ ಇರೋರು. ನಾನು ಅಕ್ಕನಿಗೆ ಅವಳು ಬಿಟ್ಟ ಪಿಎಫ್ ಲೆಕ್ಕ ಹಾಕಿ ಕೊಡೋಕೆ ಶುರು ಮಾಡಿದ್ದು 2019ರಲ್ಲಿ. ತಡವಾಯ್ತು ಅಂತ ಅವಳು ಹೇಳಿಲ್ಲ. ನಾನು ಹೇಳ್ತಿದ್ದೀನಿ.

ಪ್ರಮಾಣಪತ್ರದ ವಿಷಯ ಬೇಗ ಮುಗಿಸ್ತೀನಿ. ಅಪ್ಪ ಎರಡು ವರ್ಷ ಅದನ್ನು ಮಾಡಿಸೋಕೆ ಬಿಡಲಿಲ್ಲ. 'ಅಂಗವಿಕಲ' ಅನ್ನೋ ಚೀಟಿ ಬೇಡ ಅಂತ ಎಡಗೈ ಬೀಸಿ ಮುಖ ತಿರುಗಿಸೋರು. ಸರ್ಕಾರ ಈಗ 'ವಿಕಲಚೇತನ' ಅನ್ನುತ್ತೆ. ಹೆಸರು ಬದಲಾಯ್ತು, ಮಾರ್ಕೆಟ್ಟಿನ ಫುಟ್‌ಪಾತ್ ಬದಲಾಗಲಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ, ಅದರಿಂದ ಹೊರಗೆ ಬಂದ ಮೇಲೆ ದೇವರೇ ಗತಿ. 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಗೊತ್ತು ಮಾಡಿದ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಶೇಕಡಾವಾರು ಬರೀತಾರೆ. 40 ಅಥವಾ ಹೆಚ್ಚು ಇದ್ದರೆ ಬಾಗಿಲು ತೆರೆಯುತ್ತೆ. ರಾಜ್ಯದ ಮಾಸಾಶನ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಈ ಹಣದಲ್ಲಿ ಡೈಪರ್ ಕೂಡ ಬರಲ್ಲ ಅಂತ ನನಗೂ ಗೊತ್ತು, ಇದನ್ನು ಹೆಚ್ಚಿಸಿ ಅಂತ ಇದೇ ಕುರ್ಚಿಯಲ್ಲಿ ಕೂತು ಎಷ್ಟೋ ಸಲ ಕೇಳಿದ್ದೀನಿ. ಆದರೂ ಕಾರ್ಡ್ ಮಾಡಿಸಿ. ಆದಾಯ ತೆರಿಗೆ ಕಟ್ಟೋರಿಗೆ ಹಳೇ ಪದ್ಧತಿಯಲ್ಲಿ 75,000 ರೂಪಾಯಿ ವಿನಾಯಿತಿ, 80 ಅಥವಾ ಹೆಚ್ಚಿದ್ದರೆ 1,25,000. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಜನ ವಿಕಲಚೇತನರು. ಅದರಲ್ಲಿ ಅಪ್ಪನ ಲೆಕ್ಕ ಸೇರಿತ್ತೋ ಇಲ್ಲವೋ. ಎಣಿಸೋಕೆ ಬಂದವರಿಗೆ ಅಪ್ಪ ಗೋಡೆ ಹಿಡಿದು ಎದ್ದು ನಿಂತು ತೋರಿಸಿದ್ದರು.

ಅಪ್ಪ ಒಂಬತ್ತು ವರ್ಷ ಬದುಕಿದರು. ಕೊನೆ ಕೊನೆಗೆ ಎಡಗೈಯಲ್ಲಿ ಬರೆಯೋದು ಕಲಿತರು. ಪ್ಯಾಕೆಟ್ ಹಾಲಿನ ಲೆಕ್ಕ, ಪೇಪರ್ ಬಿಲ್ಲು. ಅಕ್ಷರ ಒಂದನೇ ಕ್ಲಾಸಿನ ಮಗುವಿನ ಹಾಗೆ, ಕೂಡಿಸಿದ್ದು ಮಾತ್ರ ಯಾವತ್ತೂ ತಪ್ಪಲಿಲ್ಲ.

ಹಬ್ಬ ಕಳೆದ ಸೋಮವಾರ ನಾನು ಮತ್ತೆ ಆ ಅಣ್ಣನ ಮನೆಗೆ ಹೋಗಿದ್ದೆ. ಅವರಿಗೆ ಈಗ ಯುಡಿಐಡಿ ಅರ್ಜಿ ಹಾಕಿದ್ದೀವಿ. ಹೆಂಡತಿಯ ಹೆಸರಿಗೆ ಆ 20 ರೂಪಾಯಿಯ ವಿಮೆ ಫಾರಂ ತುಂಬಿಸಿದೆ. ಆಕೆ ಹೆಬ್ಬೆಟ್ಟು ಒತ್ತಿ, ಇಂಕನ್ನು ತಲೆಗೂದಲಿಗೆ ಒರೆಸಿಕೊಂಡು ಕೇಳಿದರು, 'ಮುಂದಿನ್ ವರ್ಷ ದುಡ್ಡು ಯಾವಾಗ್ ಕಟ್ ಆಗ್ತದೆ?' ಮೇ ತಿಂಗಳ ಕೊನೆ ವಾರ ಅಂದೆ. ಏಳನೇ ಕ್ಲಾಸಿನ ಮಗಳನ್ನು ಕರೆದು, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. 'ಮೇ 20. ಬ್ಯಾಂಕಲ್ಲಿ ನೂರು ರೂಪಾಯಿ ಇರಬೇಕು.' ಗಾಲಿಕುರ್ಚಿಯಿಂದ ಅಣ್ಣ ಹೇಳಿದರು, 'ಸೀಮೆಸುಣ್ಣ ಅಳಿಸಿಹೋಗ್ತದೆ ಕಣೇ, ಪೇಂಟಲ್ಲಿ ಬರೆಸು.'